ಹುಬ್ಬಳ್ಳಿ-ಧಾರವಾಡದ ಕಿರುಗೊಂಬೆ ಕಲೆ

ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಹಬ್ಬದಿಂದ ಹಬ್ಬಕ್ಕೆ ಕೈಯಿಂದ ಮಾಡುವ ಬೆರಳುದ್ದದ, ಗೇಣುದ್ದದ ರೂಪಗಳ ಪರಂಪರೆ. ಮಣ್ಣಿನ ಎತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ, ದೀಪಾವಳಿಯ ಸಗಣಿ ಪಾಂಡವರು, ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆ, ಮೊಹರಮ್ಮಿನ ತಾಬೂತು, ಜಾತ್ರೆಯ ಆಟದ ಸಾಮಾನು ಎಲ್ಲವೂ ಇದರಲ್ಲಿ ಸೇರುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ಆಯುಷ್ಯ ಒಂದು ದಿನದಿಂದ ಒಂದು ವಾರ. ಆ ಕಾರಣಕ್ಕೋ ಏನೋ, ಕಲೆಯ ಚರಿತ್ರೆ ಬರೆದವರು ಇವನ್ನು ಹಬ್ಬದ ಆಚರಣೆಯ ಲೆಕ್ಕಕ್ಕೆ ಬಿಟ್ಟು ಮುಂದೆ ಹೋಗಿದ್ದಾರೆ. ಆದರೆ ಕೊಟ್ಟಿಗೆ, ಹೊಸ್ತಿಲು, ಅಂಗಳ, ಓಣಿ, ಹಳ್ಳದ ದಂಡೆ ಮುಂತಾದ ದಿನಬಳಕೆಯ ಜಾಗಗಳನ್ನೂ ಆ ಜಾಗಗಳಲ್ಲಿ ಯಾರು ಎಲ್ಲಿಯವರೆಗೆ ಬರಬಹುದು ಎಂಬ ಕಟ್ಟುಪಾಡನ್ನೂ ಇಷ್ಟು ನೇರವಾಗಿ ಕಾಣಿಸುವ ಕಲೆ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಕಿರುರೂಪದ ಕಲೆ ಎಂದೊಡನೆ ನೆನಪಾಗುವ ಹೊರಗಿನ ಉದಾಹರಣೆಗಳು ಬೇರೆ ತರಹದವು. 1924ರಲ್ಲಿ ಮುಗಿದ ಇಂಗ್ಲೆಂಡಿನ ರಾಣಿ ಮೇರಿಯ ಗೊಂಬೆಮನೆ ನಿಜವಾದ ಅಳತೆಯ ಹನ್ನೆರಡರಲ್ಲಿ ಒಂದು ಪಾಲಿನಷ್ಟಿದೆ. ಎಡ್ವಿನ್ ಲುಟ್ಯೆನ್ಸ್ ವಿನ್ಯಾಸ ಮಾಡಿದ ಅದರೊಳಗೆ ನಲ್ಲಿಯಲ್ಲಿ ನೀರು ಬರುತ್ತದೆ, ಆಳುಗಳಿಗೆ ಬೇರೆ ಕೋಣೆಗಳಿವೆ. ಬಂಗಾಳದ ಕೃಷ್ಣನಗರದ ಘೂರ್ಣಿಯ ಕುಂಬಾರರು 19ನೆಯ ಶತಮಾನದಲ್ಲಿ ಮಾಡಿದ ನೇಕಾರ, ಭಿಸ್ತಿ, ಅಗಸ, ಕೂಲಿಗಳ ಮಣ್ಣಿನ ಗೊಂಬೆಗಳು ಯುರೋಪಿನ ಪ್ರದರ್ಶನಗಳಿಗೆ ಹೋದವು. ಎರಡರಲ್ಲೂ ನೋಡುವವನು ಮೇಲಿನವನು, ಗಾಜಿನ ಆಚೆ ನಿಂತವನು. ಧಾರವಾಡ ಸೀಮೆಯ ಕಿರುಗೊಂಬೆಗೆ ಗಾಜಿನ ಪೆಟ್ಟಿಗೆಯ ರೂಢಿಯೇ ಇಲ್ಲ. ಅದನ್ನು ಹೊರುತ್ತಾರೆ, ಅದಕ್ಕೆ ಉಣಿಸುತ್ತಾರೆ, ಬೈಯುತ್ತಾರೆ, ಕೊನೆಗೆ ನೀರಿಗೆ ಬಿಡುತ್ತಾರೆ ಇಲ್ಲವೆ ಒಡೆಯುತ್ತಾರೆ. ಅದರಲ್ಲಿರುವ ವರ್ಗಭೇದವನ್ನು ಗೊಂಬೆಯ ಬಟ್ಟೆಬರೆಯಲ್ಲಿ ಹುಡುಕಿದರೆ ಸಿಗದು. ಮಣ್ಣು ತಂದವರು ಯಾರು, ರೂಪ ಕೊಟ್ಟವರು ಯಾರು, ಹೊತ್ತವರು ಯಾರು, ಅದು ಮನೆಯ ಯಾವ ಜಾಗದವರೆಗೆ ಬಂತು ಎಂದು ಕೇಳಿಕೊಂಡು ಹೋದರೆ ಸಿಗುತ್ತದೆ.

ಮಣ್ಣು ಮತ್ತು ಮಾಡುವವರು

ಧಾರವಾಡ ಜಿಲ್ಲೆಯ ಪಡುವಣ ಭಾಗ ಮಲೆನಾಡಿನ ಸೆರಗು. ಹುಬ್ಬಳ್ಳಿಯಿಂದ ಮೂಡಲಿಗೆ ನವಲಗುಂದ, ಅಣ್ಣಿಗೇರಿಯ ಕಡೆಗೆ ಹೋದಂತೆ ಎರೆಭೂಮಿ. ಗೊಂಬೆಗೆ ಕೆರೆಯಂಗಳದ ಜಿಗುಟು ಮಣ್ಣು, ಹುತ್ತದ ಮಣ್ಣು, ಎರೆಮಣ್ಣು ಸಿಕ್ಕಿದ್ದು ಸಿಕ್ಕಂತೆ ಬಳಕೆಯಾಗುತ್ತದೆ. ಮಣ್ಣನ್ನು ಸೋಸಿ, ನೆನೆಹಾಕಿ, ತುಳಿದು, ದೊಡ್ಡ ಮೂರ್ತಿಯಾದರೆ ಬಿರಿಯದಿರಲೆಂದು ಅರಳೆ ಬೆರೆಸಿ ಕುಟ್ಟುತ್ತಾರೆ. ಮಡಕೆಯ ಹಾಗೆ ಇವನ್ನು ಸುಡುವುದಿಲ್ಲ. ಸುಟ್ಟ ಮಣ್ಣು ನೀರಿನಲ್ಲಿ ಕರಗದು, ಕರಗದ್ದನ್ನು ಹಳ್ಳಕ್ಕೆ ಬಿಡುವುದು ಹೇಗೆ?

ಹಳೆಯ ಆಯಗಾರಿಕೆಯ ವ್ಯವಸ್ಥೆಯಲ್ಲಿ ಕುಂಬಾರನು ಒಕ್ಕಲು ಮನೆಗಳಿಗೆ ವರ್ಷವಿಡೀ ಗಡಿಗೆ, ಪರಿಯಾಣ ಒದಗಿಸುವುದರ ಜೊತೆಗೆ ಹಬ್ಬಕ್ಕೆ ಬೇಕಾದ ಮಣ್ಣಿನ ರೂಪಗಳನ್ನೂ ಕೊಡುತ್ತಿದ್ದ. ಪ್ರತಿಯಾಗಿ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳು ತರುತ್ತಿದ್ದ. ಬಿಡಿ ಗೊಂಬೆಗೆ ಬೆಲೆ ಕಟ್ಟುವ ಪದ್ಧತಿ ಆಗ ಇರಲಿಲ್ಲ. ಹೀಗೆ ಗೊಂಬೆ ಕೊಡುವುದು ಕುಂಬಾರನ ಹಕ್ಕೂ ಹೌದು, ಹೊರೆಯೂ ಹೌದು. ಗಣಪನಂತಹ ಬಣ್ಣದ ಕೆಲಸಕ್ಕೆ ಚಿತ್ರಗಾರರ ಮನೆತನಗಳು ಇದ್ದವು. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಇದೇ ಚಿತ್ರಗಾರರು ಮರದ ಗೊಂಬೆಗಳಿಗೆ ಹೆಸರಾದರು. ಹಗುರವಾದ ಪೊಲ್ಕಿ ಮರ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಕಲಸಿದ ಕಿಟ್ಟ, ಅದರ ಮೇಲೆ ಬಣ್ಣ, ಇದು ಅವರ ವಿಧಾನ. ಕಿನ್ನಾಳದ ಗೊಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೆಳಗಾವಿ ಜಿಲ್ಲೆಯ ಗೋಕಾಕದ ಜೀನಗಾರರ ಹಣ್ಣು-ಕಾಯಿಪಲ್ಲೆಗಳ ಮರದ ಮಾದರಿಗಳೂ ಹುಬ್ಬಳ್ಳಿ ಪೇಟೆಗೆ ಬರುತ್ತವೆ. ಮೈಸೂರು ಸೀಮೆಯ ದಸರಾ ಗೊಂಬೆ ಕೂರಿಸುವ ಪದ್ಧತಿ ಮಾತ್ರ ಈ ಕಡೆ ಅಷ್ಟಾಗಿ ಬೇರೂರಿಲ್ಲ. ಅಲ್ಲಿ ಪಟ್ಟದ ರಾಜ-ರಾಣಿ ಮೇಲಿನ ಮೆಟ್ಟಿಲಲ್ಲಿ, ಕಾಳುಕಡ್ಡಿ ಮಾರುವ ಶೆಟ್ಟಿ-ಶೆಟ್ಟಮ್ಮ ಕೆಳಗಿನ ಮೆಟ್ಟಿಲಲ್ಲಿ ಕೂರುವ ಶ್ರೇಣಿ ಇದೆ. ಇಲ್ಲಿ ಅಂಥ ಮೆಟ್ಟಿಲುಗಳಿಲ್ಲ. ಶ್ರೇಣಿ ಊರಿನಲ್ಲೇ ಇದೆ.

ಮಣ್ಣೆತ್ತು ಮತ್ತು ಗುಳ್ಳವ್ವ

ವರ್ಷದ ಐದು ಮಣ್ಣಿನ ಪೂಜೆಗಳಲ್ಲಿ ಮೊದಲನೆಯದು ಜ್ಯೇಷ್ಠ ಬಹುಳ ಅಮಾವಾಸ್ಯೆಯ ಮಣ್ಣೆತ್ತು. ಅದಕ್ಕೆ ಹದಿನೈದು ದಿನ ಮೊದಲು ಕಾರಹುಣ್ಣಿಮೆ; ಆಗ ನಿಜವಾದ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಯುತ್ತಾರೆ. ಕಾರಹುಣ್ಣಿಮೆ ಎತ್ತು ಇದ್ದವರ ಹಬ್ಬ. ಮಣ್ಣೆತ್ತಿನ ಅಮಾವಾಸ್ಯೆಗೆ ಆ ಷರತ್ತಿಲ್ಲ: ಎರಡು ಜೋಡಿ ಎತ್ತು ಕಟ್ಟಿದ ಗೌಡರ ಮನೆಯಲ್ಲೂ, ಹೊಲವೇ ಇಲ್ಲದ ಕೂಲಿಕಾರನ ಮನೆಯಲ್ಲೂ ಅಂದು ದೇವರ ಜಗಲಿಯ ಮೇಲೆ ಒಂದೇ ಅಳತೆಯ ಜೋಡೆತ್ತು. ಎತ್ತುಗಳ ಮುಂದೆ ಮಣ್ಣಿನದೇ ಗ್ವಾದಲಿ, ಅದರಲ್ಲಿ ನಾಲ್ಕು ಎಸಳು ಹುಲ್ಲು. ಕಣ್ಣಿಗೆ ಕಾಳು ಒತ್ತುವುದೂ ಉಂಟು. ಕೊರಳಿಗೆ ದಾರ, ಬೆನ್ನಿಗೆ ಬಣ್ಣದ ಚಿಂದಿಯ ಜೂಲ. ವರ್ಷದಲ್ಲಿ ಒಂದು ದಿನದ ಮಟ್ಟಿಗೆ ಆಸ್ತಿ ಎಲ್ಲರಿಗೂ ಸಮನಾಗಿ ಹಂಚಿಕೆಯಾದ ಹಾಗೆ. ಇದು ಸಮಾಧಾನವೋ ಅಣಕವೋ ಎಂಬುದನ್ನು ಆಯಾ ಮನೆಯವರೇ ಹೇಳಬೇಕು.

ಮರುದಿನ ಹುಡುಗರ ಪಾಳಿ. ಒಂದು ಕಾಲು ಮುರಿದ ಮಣ್ಣೆತ್ತನ್ನು ಹಿಡಿದು, ಎತ್ತು ಕುಂಟಾಗಿದೆ, ಏನಾದರೂ ಕೊಡಿ ಎಂದು ಓಣಿಯ ಮನೆಮನೆಗೆ ಹೋಗಿ ಕಾಳು, ದುಡ್ಡು ಕೂಡಿಸುತ್ತಾರೆ. ಕುಂಟೆತ್ತಿನ ಆಟವೆಂದೇ ಇದು ಪರಿಚಿತ. ಹಬ್ಬದ ದಿನ ಸಿರಿಯಾಗಿದ್ದ ಗೊಂಬೆ ಮರುದಿನ ಬಡತನದ ಗೊಂಬೆಯಾಗುತ್ತದೆ. ದುಡಿಯುವ ಎತ್ತು ಕುಂಟಿದರೆ ಒಂದು ಮನೆಯ ಬದುಕೇ ಕುಂಟುತ್ತದೆ ಎಂಬುದು ಮುಂಗಾರಿನ ಬಿತ್ತನೆಯ ಹೊತ್ತಿನಲ್ಲಿ ಯಾವ ರೈತನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಟ್ರ್ಯಾಕ್ಟರು ಬಂದು ಊರಿನ ಎತ್ತುಗಳು ಕಡಿಮೆಯಾದ ಮೇಲೂ ಮಣ್ಣೆತ್ತು ನಿಂತಿಲ್ಲ. ಹುಬ್ಬಳ್ಳಿಯ ದುರ್ಗದಬೈಲು, ಧಾರವಾಡದ ಸೂಪರ್ ಮಾರುಕಟ್ಟೆಯ ಬದಿಗಳಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ಜೋಡೆತ್ತನ್ನು ಕೊಳ್ಳುವವರಲ್ಲಿ ದನದ ಹಗ್ಗ ಹಿಡಿದೇ ಇಲ್ಲದ ನೌಕರದಾರರೂ ಇದ್ದಾರೆ.

ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಇದು ಹೆಣ್ಣುಮಕ್ಕಳ ಕೈಕೆಲಸ. ಪೀಠದ ಮೇಲೆ ಕೂತ ಹೆಣ್ಣಿನ ಪುಟ್ಟ ರೂಪವನ್ನು ಮಾಡಿ, ಗುಲಗಂಜಿ, ಕುಸುಬೆ, ಜೋಳದ ಕಾಳುಗಳನ್ನು ಹಸಿ ಮಣ್ಣಿಗೆ ಒತ್ತಿ ಒಡವೆ ತೊಡಿಸುತ್ತಾರೆ. ಓಣಿಯ ಹುಡುಗಿಯರು ಒಬ್ಬರ ಮನೆಯ ಗುಳ್ಳವ್ವನನ್ನು ಇನ್ನೊಬ್ಬರು ನೋಡಲು ಹೋಗುತ್ತಾರೆ, ಹಾಡುತ್ತಾರೆ. ಕೊನೆಯ ವಾರ ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಉಂಡು, ಗುಳ್ಳವ್ವನನ್ನು ನೀರಿಗೆ ಬಿಟ್ಟು ಬರುತ್ತಾರೆ. ಬೆಳೆದ ಹುಡುಗಿ ಗುಂಪು ಕಟ್ಟಿಕೊಂಡು ಊರ ಹೊರಗೆ ಹೋಗುವುದಕ್ಕೆ ಹಿರಿಯರ ತಕರಾರಿಲ್ಲದ ದಿನಗಳು ವರ್ಷದಲ್ಲಿ ಎಷ್ಟು ಎಂದು ಎಣಿಸಿದರೆ ಈ ಮಂಗಳವಾರಗಳ ಬೆಲೆ ತಿಳಿಯುತ್ತದೆ. ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪನಿಗೆ ಹಾಲೆರೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಗಣಪ ಮತ್ತು ಜೋಕುಮಾರ

ಭಾದ್ರಪದ ಮಾಸದಲ್ಲಿ ಎರಡು ಮಣ್ಣಿನ ಮೂರ್ತಿಗಳು ಬೆನ್ನುಬೆನ್ನಿಗೆ ಬರುತ್ತವೆ. ಈ ಕಲೆಯ ಸಾಮಾಜಿಕ ತಿರುಳು ಇರುವುದೂ ಇವೆರಡರ ನಡುವೆ.

ಚೌತಿಗೆ ಗಣಪ. ಮನೆಗೆ ತರುವಾಗ ತಲೆಗೆ ಟೊಪ್ಪಿಗೆ, ಕೈಯಲ್ಲಿ ಜಾಗಟೆ. ನೇರವಾಗಿ ಒಳಮನೆಗೆ ಹೋಗಿ ಮಾಡದಲ್ಲಿ ಕೂರುತ್ತಾನೆ. 1893ರಲ್ಲಿ ಪುಣೆಯಲ್ಲಿ ತಿಲಕರು ಗಣೇಶೋತ್ಸವಕ್ಕೆ ಸಾರ್ವಜನಿಕ ರೂಪ ಕೊಟ್ಟ ಮೇಲೆ, ಆಗ ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ ಜಿಲ್ಲೆಗೂ ಅದು ಹಬ್ಬಿತು. ಇಂದು ಹುಬ್ಬಳ್ಳಿಯ ಓಣಿ ಓಣಿಗಳಲ್ಲಿ ಕೂರುವ ಗಣಪ ಕಿರುಗೊಂಬೆಯ ಅಳತೆಯನ್ನು ಎಂದೋ ದಾಟಿದ್ದಾನೆ. ಎತ್ತರ ಬೆಳೆದಂತೆ ಮಂಡಳಿಗಳ ಪೈಪೋಟಿಯೂ ಬೆಳೆಯಿತು, ನಡುವೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಂತು, ಅದಕ್ಕೆ ನಿಷೇಧವೂ ಬಂತು. ಆ ಕಥೆ ಇಲ್ಲಿಗೆ ಸಾಕು.

ಗಣಪ ಬಂದ ನಾಲ್ಕು ದಿನಕ್ಕೆ, ಅಷ್ಟಮಿಯಂದು, ಜೋಕುಮಾರ ಹುಟ್ಟುತ್ತಾನೆ. ಕುಂಬಾರರ ಇಲ್ಲವೆ ಬಡಿಗರ ಮನೆಯಲ್ಲಿ ಹಸಿಮಣ್ಣಿನಿಂದ ಮಾಡಿದ ಗೇಣುದ್ದದ ಗಂಡು ರೂಪ: ಅಗಲ ಮುಖ, ದೊಡ್ಡ ಕಣ್ಣು, ದಪ್ಪ ಮೀಸೆ, ತೆರೆದ ಬಾಯಿ, ಮುಚ್ಚುಮರೆಯಿಲ್ಲದ ಗಂಡಸುತನ. ಬಿದಿರ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಅವನನ್ನು ಕೂರಿಸಿ, ಅಂಬಿಗರ ಅಂದರೆ ಗಂಗಾಮತಸ್ಥ ಸಮುದಾಯದ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಊರೂರು ಸುತ್ತುತ್ತಾರೆ. ಮನೆಯ ಮುಂದೆ ಬುಟ್ಟಿ ಇಳಿಸಿ, ಸುತ್ತ ಕೂತು ಅವನ ಹುಟ್ಟು-ಸಾವಿನ ಹಾಡು ಹೇಳುತ್ತಾರೆ. ಮನೆಯೊಡತಿ ಮೊರದಲ್ಲಿ ಜೋಳ, ಮೆಣಸಿನಕಾಯಿ, ಉಪ್ಪು ತಂದು ಕೊಡುತ್ತಾಳೆ. ಜೋಕುಮಾರನ ಬಾಯಿಗೆ ಬೆಣ್ಣೆ ಒರೆಸುತ್ತಾಳೆ. ಪ್ರತಿಯಾಗಿ ಬೇವಿನ ಎಲೆಯೂ ಒಂದಿಷ್ಟು ನುಚ್ಚೂ ಸಿಗುತ್ತದೆ. ಅದನ್ನು ಹೊಲಕ್ಕೆ ಚರಗ ಚೆಲ್ಲಿದರೆ ಬೆಳೆಗೆ ಹುಳ ಬೀಳದು ಎಂಬುದು ರೈತರ ನಂಬಿಕೆ.

ಗಮನಿಸಬೇಕಾದದ್ದು ಬುಟ್ಟಿ ಇಳಿಯುವ ಜಾಗ. ಗಣಪನಿಗೆ ಒಳಮನೆ, ಜೋಕುಮಾರನಿಗೆ ಅಂಗಳ. ಅವನೂ ದೇವರೇ, ಶಿವನ ಮಗನೆಂದೇ ಕಥೆ. ಆದರೂ ಹೊಸ್ತಿಲು ದಾಟುವುದಿಲ್ಲ. ಅವನನ್ನು ಹೊತ್ತವರೂ ದಾಟುವುದಿಲ್ಲ. ಒಬ್ಬನಿಗೆ ಕಡುಬು, ಹೋಳಿಗೆ. ಇನ್ನೊಬ್ಬನಿಗೆ ಒಂದು ಬೆರಳು ಬೆಣ್ಣೆ. ಈ ಸೀಮೆಯ ಜನ ಹೇಳುವ ಕಥೆ ಇದೇ ಜಾಗದಿಂದ ಹುಟ್ಟಿದ್ದು. ಗಣಪ ಭೂಮಿಗೆ ಬಂದು, ಉಳ್ಳವರ ಮನೆಯಲ್ಲಿ ಹೊಟ್ಟೆತುಂಬ ಉಂಡು ಕೈಲಾಸಕ್ಕೆ ಮರಳಿ, ಕೆಳಗೆ ಎಲ್ಲ ಸುಭಿಕ್ಷವಾಗಿದೆ ಎಂದು ತಂದೆಗೆ ವರದಿ ಒಪ್ಪಿಸುತ್ತಾನೆ. ಜೋಕುಮಾರ ಬಡವರ ಕೇರಿ ಸುತ್ತಿ, ಬಾಡಿದ ಬೆಳೆ ನೋಡಿ, ಮಳೆಯಿಲ್ಲ, ಜನ ಸಾಯುತ್ತಿದ್ದಾರೆ ಎಂದು ಶಿವನಿಗೆ ಹೇಳುತ್ತಾನೆ. ಆಗ ಮಳೆ ಬರುತ್ತದೆ. ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ಊರನ್ನು ಎರಡು ಕಡೆಯಿಂದ ಕಂಡ ಈ ಕಥೆಗಿಂತ ಚೊಕ್ಕದಾದ ವರ್ಗವಿಮರ್ಶೆಯನ್ನು ನಮ್ಮ ಪಂಡಿತರು ಬರೆದದ್ದು ಕಡಿಮೆ.

ಆದರೆ ಜೋಕುಮಾರ ಬಡವರ ಪಕ್ಷದ ಸರಳ ನಾಯಕನಲ್ಲ. ಏಳು ದಿನದ ಬಾಳಿನಲ್ಲಿ ಅವನ ಕಣ್ಣು ಅಗಸರ ಹೆಣ್ಣಿನ ಮೇಲೆ ಬೀಳುತ್ತದೆ. ಸಿಟ್ಟಿಗೆದ್ದ ಅಗಸರು ಅವನನ್ನು ಹೊಡೆದು ಕೊಲ್ಲುತ್ತಾರೆ. ಹುಣ್ಣಿಮೆಯ ರಾತ್ರಿ ಆ ಮಣ್ಣಿನ ಮೂರ್ತಿಯನ್ನು ಒಡೆಯಲಾಗುತ್ತದೆ. ಆಮೇಲೆ ಕೆಲವು ದಿನ ಅಗಸರು ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗದಿರುವ ಪದ್ಧತಿಯೂ ಇತ್ತು. ಮಾಡುವವರು ಒಬ್ಬರು, ಹೊರುವವರು ಇನ್ನೊಬ್ಬರು, ಕಥೆಯಲ್ಲಿ ಕೊಲ್ಲುವವರು ಮತ್ತೊಬ್ಬರು, ಕಾಳು ಕೊಟ್ಟು ನೋಡುವವರು ಬೇರೆಯೇ. ಊರಿನ ಕೆಲಸದ ಹಂಚಿಕೆ ಒಂದು ಗೇಣು ಮಣ್ಣಿನ ಸುತ್ತ ಹೀಗೆ ನಿಲ್ಲುತ್ತದೆ.

ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿದ ಚಂದ್ರಶೇಖರ ಕಂಬಾರರು ಈ ಆಚರಣೆಯನ್ನು ಹಿಡಿದು ‘ಜೋಕುಮಾರಸ್ವಾಮಿ’ ನಾಟಕ ಬರೆದರು. 1972ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ರಂಗಕ್ಕೆ ಬಂದ ಅದರಲ್ಲಿ ಹೊಲ ಗೌಡನದೋ ಉಳುವ ಬಸಣ್ಣನದೋ ಎಂಬ ಪ್ರಶ್ನೆ, ಹೆಣ್ಣು-ಮಣ್ಣುಗಳ ಫಲವತ್ತತೆಯ ಪ್ರಶ್ನೆಯ ಜೊತೆ ಹೆಣೆದುಕೊಂಡಿದೆ. ಎರಡೇ ವರ್ಷಕ್ಕೆ, 1974ರಲ್ಲಿ, ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ದೊಡ್ಡ ತಿದ್ದುಪಡಿ ಆಯಿತು. ನಾಟಕ ಕಾನೂನನ್ನು ತಂತು ಎಂದು ಹೇಳಬೇಕಾಗಿಲ್ಲ. ಬುಟ್ಟಿಯೊಳಗಿನ ಮಣ್ಣಿನ ಗೊಂಬೆಗೆ ಆ ಪ್ರಶ್ನೆಯನ್ನು ಹೊರುವ ಕಸುವಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ಸಗಣಿಯ ಹಟ್ಟಿ

ಸಾಮಾಜಿಕ ಜಾಗವೊಂದನ್ನು ಇಡಿಯಾಗಿ ಕಿರಿದು ಮಾಡುವ ಕೆಲಸ ನಡೆಯುವುದು ದೀಪಾವಳಿಯ ಬಲಿಪಾಡ್ಯಮಿಯಂದು. ಹಟ್ಟಿಹಬ್ಬವೆಂದೂ ಹೆಸರಿರುವ ಆ ಬೆಳಿಗ್ಗೆ ಮನೆಯ ಹೆಂಗಸರು ಆಕಳ ಸಗಣಿಯಿಂದ ಪಾಂಡವರನ್ನು, ಹಟ್ಟೆವ್ವನನ್ನು ಮಾಡುತ್ತಾರೆ. ಕೆಲವು ಮನೆಗಳಲ್ಲಿ ಪಾಂಡವರೆಂದರೆ ಐದು ಗುಪ್ಪೆ ಮಾತ್ರ. ಕೈಚಳಕ ಇದ್ದವರ ಮನೆಯಲ್ಲಿ ಒಂದು ಹಟ್ಟಿಯೇ ಏಳುತ್ತದೆ: ಸುತ್ತ ಗೋಡೆ, ಒಳಗೆ ದನಕರು, ಹಾಲು ಹಿಂಡುವವಳು, ಮೊಸರು ಕಡೆಯುವವಳು, ಬಾಗಿಲಲ್ಲಿ ಕಾಯುವವನು. ಉತ್ತರಾಣಿ ಕಡ್ಡಿ, ಚೆಂಡುಹೂ, ಗುರೆಳ್ಳಿನ ಹಳದಿ ಹೂ, ಜೋಳದ ತೆನೆ ಸಿಗಿಸಿ ಅಲಂಕಾರ. ಹೊಸ್ತಿಲ ಎಡಬಲಕ್ಕೆ, ಕೊಟ್ಟಿಗೆಯ ಬಾಗಿಲಿಗೆ, ಒಲೆಯ ಬದಿಗೆ ಇಡುತ್ತಾರೆ. ಆಮೇಲೆ ಮಾಳಿಗೆಯ ಮೇಲೆ ಒಯ್ದಿಡುವುದೂ ಉಂಟು.

ಇಲ್ಲಿ ರಾಜರಿಲ್ಲ. ಪಾಂಡವರೆಂಬ ಹೆಸರಿದ್ದರೂ ಕಿರೀಟ, ಗದೆ ಯಾವುದೂ ಕಾಣದು; ಕಾಣುವುದು ಹೆಂಗಸರ ದಿನದ ದುಡಿಮೆ. ನಸುಕಿನಲ್ಲಿ ಎದ್ದು ಸಗಣಿ ಬಾಚುವವಳೇ ಅದೇ ಸಗಣಿಯಿಂದ ತನ್ನದೇ ಕೆಲಸದ ಪ್ರತಿರೂಪ ಮಾಡಿ ಅದಕ್ಕೆ ದೀಪ ಹಚ್ಚುತ್ತಾಳೆ. ವರ್ಷದ ಉಳಿದ ದಿನ ಲೆಕ್ಕಕ್ಕೆ ಬಾರದ ಕೆಲಸ ಅಂದು ಪೂಜೆಗೆ ಬರುತ್ತದೆ. ಈ ಪರಂಪರೆಯ ಅತ್ಯುತ್ತಮ ಶಿಲ್ಪ ಯಾವುದು ಎಂದು ಕೇಳಿದರೆ ಈ ಲೇಖಕನ ಮತ ಸಗಣಿ ಹಟ್ಟಿಗೆ. ನಗರದ ಮನೆಗಳಲ್ಲಿ ಆಕಳೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಹಬ್ಬದ ಹಿಂದಿನ ದಿನ ಪೇಟೆಯಲ್ಲಿ ಸಗಣಿಯನ್ನೇ ಕೊಂಡು ತಂದು ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಐದು ಗುಪ್ಪೆ ಇಡುವವರು ಇದ್ದಾರೆ. ಹಟ್ಟಿಯ ವಿವರ ಮಾತ್ರ ಕೈಬಿಟ್ಟುಹೋಗಿದೆ.

ಸಕ್ಕರೆ, ಬಿದಿರು, ತಗಡು

ಕಾರ್ತಿಕದ ಗೌರಿ ಹುಣ್ಣಿಮೆಗೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಮಿಠಾಯಿ ಅಂಗಡಿಗಳಲ್ಲಿ ಸಕ್ಕರೆ ಗೊಂಬೆಗಳು ಸಾಲುಗಟ್ಟುತ್ತವೆ. ಎರಡು ಹೋಳಿನ ಮರದ ಅಚ್ಚನ್ನು ನೀರಲ್ಲಿ ನೆನೆಸಿ, ಜೋಡಿಸಿ ದಾರ ಬಿಗಿದು, ಹದವಾದ ಸಕ್ಕರೆ ಪಾಕ ಹೊಯ್ಯುತ್ತಾರೆ. ಆರಿದ ಮೇಲೆ ಬಿಡಿಸಿದರೆ ಆನೆ, ಒಂಟೆ, ನವಿಲು, ಬಸವಣ್ಣ, ತೇರು, ಕಳಸ. ಹೆಣ್ಣುಮಕ್ಕಳು ಇವನ್ನು ತಟ್ಟೆಯಲ್ಲಿಟ್ಟು, ಸಂಜೆ ಹೊಸ ಸೀರೆಯುಟ್ಟು ಗೌರಿಗೆ ಆರತಿ ಒಯ್ಯುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜೊತೆ ಸಕ್ಕರೆ ಆರತಿ ತರುವುದು ರೂಢಿ. ಆಗ ತೂಕದ ಮಾತು ಏಳುತ್ತದೆ. ಎಷ್ಟು ಕಿಲೋ ತಂದರು, ಎಷ್ಟು ಎತ್ತರದ ತೇರು ತಂದರು ಎಂಬುದು ಓಣಿಯ ಹೆಂಗಸರ ಕಣ್ಣಿಗೆ ಬೀಳದೆ ಇರದು. ಬೀಗರ ಅಂತಸ್ತನ್ನು ತಕ್ಕಡಿಯಲ್ಲೇ ತೂಗಿದಂತಾಗುತ್ತದೆ. ಮಣ್ಣೆತ್ತು ಎಲ್ಲರನ್ನೂ ಸಮ ಮಾಡಿದರೆ ಸಕ್ಕರೆ ಗೊಂಬೆ ಅಂತರವನ್ನು ಎತ್ತಿ ತೋರಿಸುತ್ತದೆ. ಆಮೇಲೆ ಮಕ್ಕಳು ಆನೆಯ ಸೊಂಡಿಲನ್ನೂ ಒಂಟೆಯ ಕೊರಳನ್ನೂ ಕಡಿದು ತಿಂದು ಮುಗಿಸುತ್ತಾರೆ.

ಮೊಹರಮ್ಮಿನ ತಾಬೂತು ಕರ್ಬಲಾದ ಇಮಾಮ್ ಹುಸೇನರ ಸಮಾಧಿಯ ಕಿರುರೂಪ. ಬಿದಿರು ದಬ್ಬೆಯ ಚೌಕಟ್ಟಿಗೆ ಬಣ್ಣದ ಕಾಗದ, ಬೇಗಡೆ ಅಂಟಿಸಿ ಗುಮ್ಮಟ, ಮಿನಾರು ಎಬ್ಬಿಸುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ಹಬ್ಬಕ್ಕೆ ಹಿಂದೂ ಮನೆಗಳ ಹರಕೆ, ಹೆಜ್ಜೆಮೇಳ ಕೂಡಿಬರುತ್ತವೆ. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲೂ ಅಲಾವಿ ಕುಣಿತ ನಡೆಯುವುದುಂಟು. ಹೀಗಾಗಿ ಓಣಿಯಿಂದ ಓಣಿಗೆ ಸಾಗುವ ತಾಬೂತು ಎಲ್ಲರ ಮನೆಯ ಮುಂದೆ ನಿಲ್ಲುತ್ತದೆ.

ಜಾತ್ರೆಯ ಆಟದ ಸಾಮಾನು ಮಕ್ಕಳ ಲೋಕದ್ದು. ಹುಬ್ಬಳ್ಳಿಯಲ್ಲಿ ಶಿವರಾತ್ರಿಗೆ ನಡೆಯುವ ಸಿದ್ಧಾರೂಢ ಮಠದ ಜಾತ್ರೆ, ಧಾರವಾಡದ ಮುರುಘಾಮಠದ ಜಾತ್ರೆಗಳಲ್ಲಿ ಒಲೆ, ಬೀಸುಕಲ್ಲು, ಒಳ್ಳು-ಒನಕೆ, ಕೊಡ, ತೊಟ್ಟಿಲುಗಳ ಸೆಟ್ಟು ಮಣ್ಣಿನಲ್ಲಿ, ಮರದಲ್ಲಿ, ತಗಡಿನಲ್ಲಿ ಸಿಗುತ್ತಿದ್ದವು. ಉಳ್ಳವರ ಮನೆಯ ಹುಡುಗಿಗೆ ಹಿತ್ತಾಳೆಯದು. ಈಗ ಹೆಚ್ಚಿನದು ಪ್ಲಾಸ್ಟಿಕ್ಕು, ಅದರಲ್ಲಿ ಬೀಸುಕಲ್ಲಿನ ಜಾಗಕ್ಕೆ ಮಿಕ್ಸರ್ ಬಂದಿದೆ.

ದೊಡ್ಡ ಅಳತೆ ಮತ್ತು ದಾಖಲೆ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಯ ಹೆದ್ದಾರಿಯ ಬದಿಗೆ, ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ ಇದೆ. ಉತ್ತರ ಕರ್ನಾಟಕದ ಹಳ್ಳಿಯ ವಾಡೆ, ಕಮ್ಮಾರಸಾಲೆ, ಕುಂಬಾರನ ತಿಗರಿ, ದನಕರು, ಕುಲಕಸುಬುಗಳನ್ನು ಆಳೆತ್ತರದ ಸಿಮೆಂಟ್ ಶಿಲ್ಪಗಳಲ್ಲಿ ಅಲ್ಲಿ ಮಾಡಿ ನಿಲ್ಲಿಸಲಾಗಿದೆ. ಸೀರೆಯ ನಿರಿಗೆ, ಮೈಯ ಸುಕ್ಕು, ಕೂತ ಭಂಗಿ ಎಲ್ಲದರಲ್ಲೂ ಕಣ್ಣು ನಂಬುವಷ್ಟು ನಿಖರತೆ. ಕಣ್ಮರೆಯಾದ ಬದುಕಿನ ವಿವರಗಳನ್ನು ಇಷ್ಟು ಪ್ರೀತಿಯಿಂದ ಕೂಡಿಟ್ಟ ಜಾಗ ಈ ಭಾಗದಲ್ಲಿ ಬೇರೆ ಇಲ್ಲ. ಆದರೂ ಅಲ್ಲಿ ವಾಡೆಗೂ ಕೇರಿಗೂ ಜಗಳವಿಲ್ಲ. ಎಲ್ಲರೂ ತಮ್ಮ ತಮ್ಮ ಕಸುಬಿನಲ್ಲಿ ನೆಮ್ಮದಿಯಾಗಿದ್ದಾರೆ. ಜೋಕುಮಾರನ ಬುಟ್ಟಿ ಎತ್ತುವ ತಕರಾರು ಆ ನೆಮ್ಮದಿಯಲ್ಲಿ ಕೇಳಿಸುವುದಿಲ್ಲ. ಅದೇ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೆ.

ನಗರದ ಜಾಗಗಳು ಈ ಕಲೆಗೆ ಬಂದದ್ದು ಕಡಿಮೆ. 19ನೆಯ ಶತಮಾನದ ಕೊನೆಯಲ್ಲಿ ಹುಬ್ಬಳ್ಳಿಗೆ ರೈಲ್ವೆ ವರ್ಕ್‌ಶಾಪ್ ಬಂತು, ಗಿರಣಿಗಳು ಬಂದವು. 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರಪಾಲಿಕೆಯಾಯಿತು. ಖಾನಾವಳಿಯ ಪಂಕ್ತಿ, ವರ್ಕ್‌ಶಾಪಿನ ಗೇಟಿನ ಚಹಾದಂಗಡಿ, ಎಪಿಎಂಸಿಯ ಹಮಾಲರ ಗುಂಪು ಇವೆಲ್ಲ ಕಥೆ-ಕಾದಂಬರಿಗಳಿಗೆ ಬಂದಷ್ಟು ಗೊಂಬೆಗೆ ಬರಲಿಲ್ಲ. ಹಬ್ಬದ ಪಂಚಾಂಗ ಸುಗ್ಗಿಯ ಲೆಕ್ಕದ್ದು, ಪಗಾರದ ಲೆಕ್ಕದ್ದಲ್ಲ.

ದಾಖಲೆಯ ಕೊರತೆ ಇನ್ನೂ ದೊಡ್ಡದು. 1931ರಲ್ಲಿ ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಪ್ರಕಟವಾದಂದಿನಿಂದ ಈ ಭಾಗದ ಜನಪದ ಹಾಡುಗಳ ಸಂಗ್ರಹ ನಡೆಯುತ್ತಲೇ ಬಂದಿದೆ, ಧಾರವಾಡದಲ್ಲಿ ಬಿ.ಎಸ್. ಗದ್ದಗಿಮಠರಂಥವರು ಅದನ್ನು ಸಂಶೋಧನೆಯ ಶಿಸ್ತಿಗೆ ತಂದರು. ಜೋಕುಮಾರನ ಹಾಡು ಪುಸ್ತಕ ಸೇರಿತು, ಬುಟ್ಟಿಯಲ್ಲಿದ್ದ ಜೋಕುಮಾರ ಸೇರಲಿಲ್ಲ. 1939ರಲ್ಲಿ ಆರಂಭವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹದ ಬಲ ಇರುವುದು ಶಾಸನ, ಶಿಲ್ಪ, ನಾಣ್ಯಗಳಲ್ಲಿ. ಏಳು ದಿನದ ಮಣ್ಣನ್ನು ಸಂಗ್ರಹಾಲಯದಲ್ಲಿ ಇಡುವುದು ಆ ಮಣ್ಣಿನ ಗುಣಕ್ಕೇ ವಿರುದ್ಧ ಎಂಬ ವಾದದಲ್ಲಿ ಹುರುಳಿದೆ. ಆದರೆ ಫೋಟೊ ತೆಗೆಯಲು, ಅಳತೆ ಬರೆದುಕೊಳ್ಳಲು, ಮಾಡಿದ ಕೈ ಯಾರದು, ಹೊತ್ತ ತಲೆ ಯಾರದು, ಊರು ಯಾವುದು ಎಂದು ಗುರುತಿಸಲು ಅಡ್ಡಿಯೇನೂ ಇಲ್ಲ. ಇಷ್ಟು ವಿಶ್ವವಿದ್ಯಾಲಯ, ಕಲಾಶಾಲೆಗಳಿರುವ ಧಾರವಾಡ ಸೀಮೆ ಮುಂದಿನ ಭಾದ್ರಪದದಿಂದಲಾದರೂ ಈ ಕೆಲಸ ಶುರುಮಾಡಬೇಕು.